ಹಾಲ್ ಲೈಟ್ ರಿಲೇ ಪ್ಯಾನಲ್: ಕನ್ಸೋಲ್, ಗೋಡೆ ಬಟನ್, ಫೈರ್ ಅಲಾರಂ, ಯಾವುದಕ್ಕೆ ಎಷ್ಟು ಪ್ರಯಾರಿಟಿ?

ಬೆಳಕಿನವ:
ನಮಸ್ಕಾರ. ನಮ್ಮೂರ ರಂಗಮಂದಿರದಲ್ಲಿ ಹಾಲ್ ಲೈಟೆಲ್ಲಾ ಒಂದೇ ರಿಲೇ ಪ್ಯಾನಲ್ (ಲೈಟ್ ಆನ್-ಆಫ್ ಮಾಡೋ ಸ್ವಿಚ್ ಪೆಟ್ಟಿಗೆ) ಮೇಲಿದೆ. ನಾನು ಬೆಳಕು ನಡೆಸೋ ಕನ್ಸೋಲು, ಬಾಗಿಲ ಪಕ್ಕದ ಗೋಡೆ ಬಟನ್ನು ಎರಡೂ ನೆಟ್‌ವರ್ಕಲ್ಲಿ ಎಸ್‌ಎಸಿಎನ್ (ಯಾವ ಲೈಟ್ ಎಷ್ಟು ಉರೀಬೇಕು ಅಂತ ಹೇಳೋ ಸಂದೇಶ) ಕಳಿಸ್ತವೆ, ಫೈರ್ ಅಲಾರಂ ಇನ್ನೂ ಜೋಡಿಸಿಲ್ಲ. ಮೊನ್ನೆ ನಾಟಕದ ಕೊನೇ ದೃಶ್ಯ, ಪೂರ್ತಿ ಕತ್ತಲು, ರಂಗದ ಮೇಲೆ ಒಂದೇ ಹಣತೆ, ತಡವಾಗಿ ಬಂದ ಯಾರೋ ಗೋಡೆ ತಡಕಾಡ್ತಾ ಬಟನ್ ಒತ್ತಿಬಿಟ್ರು, ಪ್ಯಾನಲಲ್ಲಿ ಟಕ್ ಅಂತ ಸದ್ದು, ಹಾಲೆಲ್ಲಾ ಬೆಳಕು. ರಂಗದ ಮೇಲಿದ್ದ ಹುಡುಗಿ ಮಾತು ನಿಲ್ಲಿಸ್ಲಿಲ್ಲ, ನಂಗೆ ಮಾತ್ರ ಹೊಟ್ಟೆ ಉರಿದುಹೋಯ್ತು. ಕನ್ಸೋಲಲ್ಲಿ ಹಾಲ್ ಲೈಟ್ ಸೊನ್ನೇಲೇ ಇತ್ತು, ಎರಡಕ್ಕೂ ಪ್ರಯಾರಿಟಿ 100. ಕನ್ಸೋಲನ್ನ 200 ಮಾಡಿಬಿಡ್ಲಾ?

ತಂತಿಜಾಲ:
ಎರಡೂ 100 ಇದ್ರೆ ಸಾಮಾನ್ಯವಾಗಿ ಯಾರ ಲೆವೆಲ್ ಜಾಸ್ತಿನೋ ಅವರದ್ದೇ ನಡೆಯುತ್ತೆ ಸಾರ್, ನಿಮ್ಮ ಸೊನ್ನೆ ಬಟನ್ನಿನ ಫುಲ್ ಮುಂದೆ ಸೋತಿದ್ದು ಅದಕ್ಕೇ. ಎಸ್‌ಎಸಿಎನ್‌ನಲ್ಲಿ ಪ್ರಯಾರಿಟಿ 0ಯಿಂದ 200, ದೊಡ್ಡ ನಂಬರೇ ಮೇಲು. 200 ಬೇಡ, ಮೇಲೆ ಜಾಗ ಉಳೀಲಿ, 120 ಸಾಕು. ಆದ್ರೆ ಒಂದು ವಿಷ್ಯ, ಪ್ರಯಾರಿಟಿ ಮೇಲಿರೋ ಕನ್ಸೋಲು ಸೊನ್ನೆ ಕಳಿಸಿದ್ರೂ ಅದು ಆಜ್ಞೆನೇ, ಶೋ ಮುಗಿದ್ಮೇಲೆ ಆನ್ ಬಿಟ್ಟು ಹೋದ್ರೆ ಬೆಳಿಗ್ಗೆ ಗುಡಿಸೋಕೆ ಬರೋ ಅಮ್ಮ ಎಷ್ಟು ಬಟನ್ ಒತ್ತಿದ್ರೂ ಲೈಟ್ ಹತ್ತಲ್ಲ. ಹಾಲ್ ಲೈಟಿಗೆ ಬೇರೆ ಯೂನಿವರ್ಸ್ (ಚಾನಲ್‌ಗಳ ಪ್ರತ್ಯೇಕ ಗುಂಪು) ಕೊಡಿ, ಶೋ ಮುಗಿದ ತಕ್ಷಣ ಅದನ್ನ ಕಳಿಸೋದು ನಿಲ್ಸಿ. ಕನ್ಸೋಲ್ ಪವರ್ರೇ ಹೋದ್ರೂ 2.5 ಸೆಕೆಂಡ್ ಕಾದು ಪ್ಯಾನಲ್ ಬಟನ್ ಮಾತು ಕೇಳೋಕೆ ಶುರು ಮಾಡುತ್ತೆ.

ಪ್ಯಾನಲ್ ಮೇಸ್ತ್ರಿ:
ಇದಕ್ಕಿಂತ ಮೊದ್ಲು ಫೈರ್ ಅಲಾರಂ ನೋಡಿ ಅಣ್ಣ. ದಯವಿಟ್ಟು ಅದನ್ನ ನಂಬರ್ ಆಟಕ್ಕೆ ಸೇರಿಸ್ಬೇಡಿ, ನೆಟ್‌ವರ್ಕ್ ಸ್ವಿಚ್ ಸುಟ್ಟುಹೋದ್ರೆ ಯಾವ ಪ್ರಯಾರಿಟಿನೂ ಇಲ್ಲ. ಪ್ಯಾನಲಲ್ಲಿ ಎಮರ್ಜೆನ್ಸಿ ಕಾಂಟ್ಯಾಕ್ಟ್ ಇನ್‌ಪುಟ್ (ಬೇರೆ ಆಜ್ಞೆ ಏನೇ ಇದ್ರೂ ಲೈಟ್ ಹತ್ತಿಸೋ ವೈರ್ ಜಾಗ) ಇದ್ರೆ ಅಲಾರಂ ಪ್ಯಾನಲಿಂದ ನೇರ ಎರಡು ವೈರ್ ಎಳೀರಿ, ಮಾಮೂಲಿಯಾಗಿ ಮುಚ್ಚಿರೋ (ಅಲಾರಂ ಆದಾಗ ಬಿಚ್ಚಿಕೊಳ್ಳೋ) ಕಾಂಟ್ಯಾಕ್ಟ್ ಹಾಕಿ. ಆಗ ಇಲಿ ವೈರ್ ಕಡಿದ್ರೂ ಲೈಟ್ ಹತ್ತುತ್ತೆ, ಆರಲ್ಲ. ಹಾಕಿದ್ಮೇಲೆ ಕನ್ಸೋಲಿಂದ ಬ್ಲ್ಯಾಕ್‌ಔಟ್ ಕೊಟ್ಟು ಒಂದು ವೈರ್ ಕಿತ್ತು ನೋಡಿ, ಜನ ಕೂರೋ ಜಾಗ ಅದು. ಬ್ಯಾಟರಿ ಇರೋ ಎಕ್ಸಿಟ್ ಲೈಟನ್ನಂತೂ ಈ ರಿಲೇ ಹತ್ರ ತರ್ಲೇಬೇಡಿ.

ಬೆಳಕಿನವ:
ಕನ್ಸೋಲ್ 120, ಬಟನ್ 100 ಮಾಡ್ದೆ, ಹಾಲ್ ಲೈಟ್ ಬೇರೆ ಯೂನಿವರ್ಸಿಗೆ ಹೋಯ್ತು. ಈಗ ಶೋ ಮಧ್ಯೆ ಬಟನ್ ಒತ್ತಿದ್ರೆ ಏನೂ ಆಗಲ್ಲ, ಕಳಿಸೋದು ನಿಲ್ಸಿದ್ರೆ ಬಟನ್ ಕೆಲ್ಸ ಮಾಡ್ತಿದೆ. ಅಲಾರಂ ವೈರ್ ಎಳ್ಯೋಕೆ ಎಲೆಕ್ಟ್ರಿಷಿಯನ್ ಭಾನುವಾರ ಬರ್ತಾರೆ, ಅಲ್ಲೀವರೆಗೂ ಶೋ ಇಟ್ಕೊಳ್ಳಲ್ಲ ಅಂತ ಹೇಳಿದೀನಿ.