ಮಗನಿಗೆ ಕಫ ಹೊರಗೆ ಬರುತ್ತಿಲ್ಲ, ಬೆನ್ನು ತಟ್ಟಿದರೆ ಸಾಕಾ?

ದಾವಣಗೆರೆ ಅಮ್ಮ: ಮಗನಿಗೆ 16 ವರ್ಷ, ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ (ಸ್ನಾಯುಗಳು ಬರಬರುತ್ತಾ ಬಲ ಕಳೆದುಕೊಳ್ಳುವ ಕಾಯಿಲೆ). ನೆಗಡಿಯಾಗಿ ನಾಲ್ಕು ದಿನ. ಗಂಟಲಲ್ಲಿ ಕಫ ಗೊರಗೊರ ಅನ್ನುತ್ತದೆ, ಕೆಮ್ಮಲು ಶಕ್ತಿಯಿಲ್ಲ. ಬೆನ್ನು ತಟ್ಟುತ್ತಿದ್ದೇನೆ. ಸಾಕಾ?

ಮೈಸೂರು ಅಪ್ಪ: ಅಕ್ಕಾ, ತಟ್ಟಿದರೆ ಕಫ ಸಡಿಲವಾಗಬಹುದು. ಹೊರಗೆ ತರುವುದು ಕೆಮ್ಮೇ ಅಲ್ವಾ? ನನ್ನ ಮಗನಿಗೂ ಇದೇ ಕಾಯಿಲೆ. ಫಿಸಿಯೋ ನಮಗೆ ಆಂಬು ಬ್ಯಾಗ್ (ಕೈಯಿಂದ ಹಿಂಡಿ ಶ್ವಾಸಕೋಶಕ್ಕೆ ಗಾಳಿ ತುಂಬುವ ಚೀಲ) ಬಳಸಲು ಕಲಿಸಿದರು. ಮಾಸ್ಕ್ ಇಟ್ಟು, ಅವನು ಉಸಿರು ಬಿಡದೆ ಹಿಡಿದಿರುವಾಗ ಎರಡು ಮೂರು ಸಲ ಗಾಳಿ ತುಂಬಿಸುತ್ತೇವೆ. ಎದೆ ತುಂಬಿದ ಮೇಲೆ ಅವನು ಕೆಮ್ಮುತ್ತಾನೆ, ಅದೇ ಗಳಿಗೆಗೆ ನಾನು ಹೊಟ್ಟೆಯ ಮೇಲ್ಭಾಗ ಒತ್ತುತ್ತೇನೆ. ಊಟವಾದ ತಕ್ಷಣ ಬೇಡ. ಮೊದಲ ಸಲ ಕಫ ಬಾಯಿಗೆ ಬಂದಾಗ ಇಬ್ಬರೂ ಅತ್ತುಬಿಟ್ಟೆವು. ಸುಮ್ನೆ ಓದಿ ಮಾಡಬೇಡಿ, ಎದುರಿಗೇ ಕಲಿಯಿರಿ.

ಫಿಸಿಯೋ, ಹುಬ್ಬಳ್ಳಿ: ಪೀಕ್ ಕಾಫ್ ಫ್ಲೋ, ಅಂದರೆ ಕೆಮ್ಮಿದಾಗ ಗಾಳಿ ಹೊರಬರುವ ಗರಿಷ್ಠ ವೇಗ, ಅಳತೆ ಮಾಡಿಸಿ. ನಿಮಿಷಕ್ಕೆ 270 ಲೀಟರ್‌ಗಿಂತ ಕಡಿಮೆಯಿದ್ದರೆ ಕೆಮ್ಮಿಗೆ ನೆರವು ಬೇಕು. ಗಾಳಿ ತುಂಬಿಸಿ, ಮತ್ತೆ ಎಳೆದು ಕೆಮ್ಮಿಗೆ ನೆರವಾಗುವ ಕಾಫ್ ಅಸಿಸ್ಟ್ ಯಂತ್ರದ ಬಗ್ಗೆಯೂ ಕೇಳಿ. ಬೆಳಿಗ್ಗೆ ತಲೆನೋವು, ಹಗಲು ತೂಕಡಿಕೆ ಇದೆಯಾ? ಇದ್ದರೆ ರಾತ್ರಿ ಬೈಪ್ಯಾಪ್ (ಮಾಸ್ಕ್ ಮೂಲಕ ಉಸಿರಾಟಕ್ಕೆ ನೆರವಾಗುವ ಯಂತ್ರ) ಬೇಕಾಗಿರಬಹುದು. ಬರೀ ಆಕ್ಸಿಜನ್ ಕೊಟ್ಟರೆ ಒಳಗೆ ಕಾರ್ಬನ್ ಡೈಆಕ್ಸೈಡ್ ಏರುವುದು ಗೊತ್ತಾಗದೇ ಹೋಗುತ್ತದೆ. ಆಕ್ಸಿಮೀಟರ್ 95ಕ್ಕಿಂತ ಇಳಿದರೆ ಕಾಯಬೇಡಿ.

ದಾವಣಗೆರೆ ಅಮ್ಮ: ಈಗ 93 ಇದೆ. ಆಸ್ಪತ್ರೆಗೆ ಹೊರಟೆವು. ಬ್ಯಾಗ್ ಹಿಡಿಯುವುದನ್ನು ಅಲ್ಲೇ ಕಲಿತು ಬರುತ್ತೇನೆ ಅಣ್ಣಾ.