ಸ್ಮಾರ್ಟ್ ಉಪಕರಣಗಳಿಗೆ ಯಾವ ರೂಟರ್? ತುಮಕೂರು ಬಳಗದ ಪ್ರಶ್ನೋತ್ತರ

ಬಟವಾಡಿಯ ಸದಸ್ಯರು: ನಮಸ್ಕಾರ ಸರ್. ಹೊಸ ಮನೆಗೆ ಬಲ್ಬು, ಪ್ಲಗ್ಗು, ಸ್ವಿಚ್ಚು ಸೇರಿ ಹದಿನೆಂಟು ಸ್ಮಾರ್ಟ್ ಉಪಕರಣಗಳನ್ನು ತಂದಿದ್ದೇವೆ. ಅತಿ ವೇಗದ ರೂಟರನ್ನೇ ಕೊಳ್ಳಬೇಕೆಂದು ಅಂಗಡಿಯವರು ಹೇಳುತ್ತಾರೆ. ನಿಜವೇ?

ತಂತ್ರಜ್ಞರು: ನಮಸ್ಕಾರ. ಬಲ್ಬಿಗೆ ವೇಗ ಬೇಕಿಲ್ಲ, ಕಡಿದುಹೋಗದ ಸಂಪರ್ಕ ಬೇಕು. ಇವುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಷ್ಟೇ (ವೈಫೈ ಬಳಸುವ ರೇಡಿಯೊ ತರಂಗಗಳ ಒಂದು ಪಟ್ಟಿ) ಕೆಲಸ ಮಾಡುತ್ತವೆ. ಆದ್ದರಿಂದ 2.4 ಮತ್ತು 5 ಗಿಗಾಹರ್ಟ್ಸ್ ಬ್ಯಾಂಡುಗಳಿಗೆ ಬೇರೆ ಬೇರೆ ವೈಫೈ ಹೆಸರಿಡಲು ಬಿಡುವ, ನಿಮ್ಮ ಲೆಕ್ಕಕ್ಕಿಂತ ಹೆಚ್ಚು ಉಪಕರಣಗಳನ್ನು ಒಟ್ಟಿಗೆ ತಾಳುವ, ತಯಾರಕರು ಇನ್ನೂ ಅಪ್‌ಡೇಟ್ ಕೊಡುತ್ತಿರುವ ವೈಫೈ 6 ಪೀಳಿಗೆಯ ರೂಟರ್ ಕೊಳ್ಳಿ. 2.4ರ ಚಾನೆಲ್ 1, 6, 11ರಲ್ಲಿ ಒಂದಿರಲಿ, ಚಾನೆಲಿನ ಅಗಲ 20 ಮೆಗಾಹರ್ಟ್ಸ್ ಇರಲಿ.

ಶಿರಾ ಗೇಟ್‌ನ ಸದಸ್ಯರು: ನಮ್ಮ ಹಳೆಯ ಬಲ್ಬು ಹೊಸ ರೂಟರಿಗೆ ಸೇರುತ್ತಲೇ ಇಲ್ಲ.

ತಂತ್ರಜ್ಞರು: ರೂಟರಿನಲ್ಲಿ ವೈಫೈ ಭದ್ರತೆ ಡಬ್ಲ್ಯುಪಿಎ3 ಎಂಬ ಹೊಸ ಬಗೆ ಮಾತ್ರ ಎಂದಿದ್ದರೆ, ಹಳೆಯ ಬಗೆಯಾದ ಡಬ್ಲ್ಯುಪಿಎ2ಕ್ಕೆ ಬದಲಿಸಿ.

ಶೆಟ್ಟಿಹಳ್ಳಿಯ ಸದಸ್ಯರು: ಕರೆಂಟು ಹೋದಾಗ ರೂಟರಿಗೂ ಫೈಬರ್ ಪೆಟ್ಟಿಗೆಗೂ ಒಂದೇ ಚಿಕ್ಕ ಯುಪಿಎಸ್ ಸಾಕೇ?

ಕ್ಯಾತ್ಸಂದ್ರದ ಸದಸ್ಯರು: ನಾನು ಬೆಂಗಳೂರಿನಲ್ಲಿದ್ದೇನೆ, ಊರಿನಲ್ಲಿ ಅಮ್ಮ ಒಬ್ಬರೇ ಇದ್ದಾರೆ. ಮನೆಯ ಕ್ಯಾಮೆರಾ ಇಲ್ಲಿಂದ ಕಾಣದಿದ್ದಾಗ, ಫಾರ್ವರ್ಡ್ ಆಗಿ ಬಂದ ಸಂದೇಶದಲ್ಲಿದ್ದಂತೆ ಕ್ಯಾಮೆರಾವನ್ನು ರೂಟರಿನ ಡಿಎಂಜೆಡ್‌ಗೆ ಸೇರಿಸಿದೆ. ಅದರ ಪಾಸ್‌ವರ್ಡ್ ಕಂಪನಿ ಕೊಟ್ಟದ್ದೇ ಇದೆ. ಎರಡು ದಿನಗಳಿಂದ ಕ್ಯಾಮೆರಾ ತಾನಾಗಿ ತಿರುಗುತ್ತಿದೆ ಎಂದು ಅಮ್ಮ ಹೇಳುತ್ತಿದ್ದಾರೆ. ರೂಟರ್ ಬದಲಿಸಬೇಕೇ?

ತಂತ್ರಜ್ಞರು: ಮೊದಲು ಅಮ್ಮನವರಿಗೆ ಫೋನ್ ಮಾಡಿ ಕ್ಯಾಮೆರಾದ ಪ್ಲಗ್ ತೆಗೆಸಿ, ಆಮೇಲೆ ಮುಂದೆ ಓದಿ. ಮನೆಯೊಳಗಿನ ಉಪಕರಣ ಕೇಳದೆ ಹೊರಗಿನಿಂದ ಬರುವ ಸಂಪರ್ಕಗಳನ್ನು ರೂಟರ್ ಸಾಮಾನ್ಯವಾಗಿ ಬಾಗಿಲಲ್ಲೇ ತಡೆಯುತ್ತದೆ. ಡಿಎಂಜೆಡ್ ಎಂದರೆ ಅವೆಲ್ಲವನ್ನೂ ಆ ಒಂದು ಉಪಕರಣಕ್ಕೆ ನೇರವಾಗಿ ಬಿಟ್ಟುಕೊಡುವುದು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಕಂಪನಿ ಕೊಟ್ಟ ಸುಮಾರು 60 ಪಾಸ್‌ವರ್ಡ್ ಜೋಡಿಗಳನ್ನಷ್ಟೇ ಹಿಡಿದು ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡಿತ್ತು. ಚಲನೆಯನ್ನು ಹಿಂಬಾಲಿಸುವ ಸೌಲಭ್ಯದಿಂದಲೂ ಕ್ಯಾಮೆರಾ ತಿರುಗಬಹುದು, ಆದರೆ ಅಮ್ಮ ಒಬ್ಬರೇ ಇರುವ ಮನೆಯಲ್ಲಿ ಹಾಗೆಂದು ನಂಬಿ ಕೂರಬೇಡಿ. ಡಿಎಂಜೆಡ್ ಮತ್ತು ಉಪಕರಣಗಳು ತಾವಾಗಿ ಹೊರಗಿನ ದಾರಿ ತೆರೆದುಕೊಳ್ಳಲು ಬಿಡುವ ಯುಪಿಎನ್‌ಪಿ ಎರಡನ್ನೂ ಆಫ್ ಮಾಡಿ, ತೆರೆದ ಪೋರ್ಟುಗಳನ್ನು (ಹೊರಗಿನಿಂದ ಒಳಬರುವ ದಾರಿಗಳನ್ನು) ಅಳಿಸಿ, ರೂಟರಿನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಅಪ್‌ಡೇಟ್ ಮಾಡಿ. ಅನಂತರ ಕ್ಯಾಮೆರಾವನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಹೊಸ ಪಾಸ್‌ವರ್ಡ್ ಕೊಟ್ಟು ಮನೆಯ ಉಳಿದ ಉಪಕರಣಗಳಿಂದ ಬೇರೆಯಾಗಿಡುವ ಗೆಸ್ಟ್ ವೈಫೈಗೆ ಸೇರಿಸಿ, ತಯಾರಕರ ಆ್ಯಪಿನಿಂದಲೇ ನೋಡಿ. ಅಪ್‌ಡೇಟ್ ನಿಂತುಹೋಗಿದ್ದರೆ ಮಾತ್ರ ರೂಟರ್ ಬದಲಿಸಿ.

ಗುಬ್ಬಿಯ ಸದಸ್ಯರು: ರೂಟರ್ ಹಿಂದೆ ಅಲ್ಯೂಮಿನಿಯಂ ಹಾಳೆ ಇಟ್ಟರೆ ಸಿಗ್ನಲ್ ದುಪ್ಪಟ್ಟಾಗುತ್ತದೆಂಬ ಸಂದೇಶ ಬಂದಿದೆ. ಎಲ್ಲರೂ ಮಾಡಿ ನೋಡಬಹುದು.

ತಂತ್ರಜ್ಞರು: ಹಾಳೆ ಸಿಗ್ನಲನ್ನು ಒಂದು ಕಡೆಗೆ ತಳ್ಳುತ್ತದೆ, ಹಿಂದಿನ ಕೋಣೆಯ ಉಪಕರಣಗಳಿಗೆ ಅದು ಸರಿಯಾಗಿ ಸಿಗುವುದಿಲ್ಲ. ಇಂಥದೇ ಒಂದು ಸಂದೇಶದಿಂದ ಕ್ಯಾತ್ಸಂದ್ರದ ಆ ಮನೆಗೆ ಏನಾಯಿತೆಂದು ಮೇಲೆಯೇ ಇದೆ. ದಯವಿಟ್ಟು ಮತ್ತೊಂದನ್ನು ಇಲ್ಲಿ ಹಾಕಬೇಡಿ.

ಗುಬ್ಬಿಯ ಸದಸ್ಯರು: ಒಳ್ಳೆಯದಾಗಲಿ ಎಂದು ಹಾಕಿದ್ದೇನೆ. ಗದರುವ ಅಗತ್ಯವಿರಲಿಲ್ಲ.

ಉಪ್ಪಾರಹಳ್ಳಿಯ ಸದಸ್ಯರು: ಎರಡು ಹೆಸರಿಡಬೇಕೆಂಬುದೂ ಸರಿಯಲ್ಲ. ನಮ್ಮ ಮನೆಯಲ್ಲಿ ಒಂದೇ ಹೆಸರಿನಲ್ಲಿ ಎಲ್ಲವೂ ನಡೆಯುತ್ತಿದೆ.

ಶಿರಾ ಗೇಟ್‌ನ ಸದಸ್ಯರು: ನಿಮ್ಮ ಮನೆಯಲ್ಲಿ ನಡೆದರೆ ಎಲ್ಲರ ಮನೆಯಲ್ಲೂ ನಡೆಯಬೇಕೇ? ನಮ್ಮ ಮೊಬೈಲು 5ಕ್ಕೆ ಹಾರಿದಾಗಲೆಲ್ಲ ಜೋಡಣೆ ಕೆಟ್ಟಿದೆ. ಹೆಸರು ಬೇರೆ ಮಾಡಿದ ಮೇಲೆಯೇ ಬಲ್ಬು ಸೇರಿತು.

ಉಪ್ಪಾರಹಳ್ಳಿಯ ಸದಸ್ಯರು: ಅದು ಮೊಬೈಲಿನ ದೋಷ. ತಿಳಿಯದೆ ವಾದಿಸಬೇಡಿ.

ಶಿರಾ ಗೇಟ್‌ನ ಸದಸ್ಯರು: ತಿಳಿದವರು ಉತ್ತರಿಸಿದ್ದಾರೆ. ನಡುವೆ ಬಂದವರು ನೀವು.

ಬಟವಾಡಿಯ ಸದಸ್ಯರು: ಸರ್, ಹಾಗಾದರೆ ಯಾವ ರೂಟರ್ ಕೊಳ್ಳಲಿ?

ತಂತ್ರಜ್ಞರು: ನನ್ನ ಮೊದಲ ಉತ್ತರವನ್ನು ಓದಿ.

ಶೆಟ್ಟಿಹಳ್ಳಿಯ ಸದಸ್ಯರು: ಯುಪಿಎಸ್ ವಿಷಯ ಮತ್ತೆ ಕೇಳುತ್ತಿದ್ದೇನೆ.

ಕ್ಯಾತ್ಸಂದ್ರದ ಸದಸ್ಯರು: ಅಮ್ಮ ಪ್ಲಗ್ ತೆಗೆದಿದ್ದಾರೆ. ಶನಿವಾರ ಊರಿಗೆ ಹೋಗಿ ಉಳಿದದ್ದನ್ನು ಮಾಡುತ್ತೇನೆ.

ತಂತ್ರಜ್ಞರು: ಅಲ್ಲಿಯವರೆಗೆ ಅದನ್ನು ಹಾಕಬೇಡಿ. ಡಿಎಂಜೆಡ್ ಆಫ್ ಮಾಡಿದ ಮೇಲಷ್ಟೇ ರೀಸೆಟ್ ಮಾಡಿ, ಕ್ಯಾಮೆರಾ ಅಮ್ಮನವರ ಕೋಣೆಯಲ್ಲಿದ್ದರೆ ಮುಂಬಾಗಿಲಿಗೆ ಸರಿಸಿ. ಸಂಶಯವಿದ್ದರೆ ಅಲ್ಲಿಂದಲೇ ನನಗೆ ಫೋನ್ ಮಾಡಿ.