ಸಹಾಯ ಬೇಕು: ಸಿಮ್ಯುಲೇಟರ್ ಹಾಕಿದರೆ ಕಂಪ್ಯೂಟರ್ ಕಾದು ಆಫ್ ಆಗುತ್ತಿದೆ

ಎಲ್ಲರಿಗೂ ನಮಸ್ಕಾರ. ಫ್ಲೈಟ್ ಸಿಮ್ಯುಲೇಟರ್ (ವಿಮಾನ ಹಾರಿಸುವ ಗೇಮ್) ಶುರು ಮಾಡಿದ ಅರ್ಧ ಗಂಟೆಗೆ ನನ್ನ ಡೆಸ್ಕ್‌ಟಾಪ್ ಆಫ್ ಆಗುತ್ತಿದೆ. ಎರರ್ ಇಲ್ಲ, ನೀಲಿ ಸ್ಕ್ರೀನ್ ಇಲ್ಲ, ಸುಮ್ನೆ ಕರೆಂಟ್ ಹೋದ ಹಾಗೆ. ನಿನ್ನೆ ಬೆಂಗಳೂರಿನಿಂದ ಹೊರಟು, ಮಂಗಳೂರಿನ ಬಜ್ಪೆಯ ಗುಡ್ಡದ ಮೇಲಿನ ಟೇಬಲ್‌ಟಾಪ್ ರನ್‌ವೇ ಎದುರಿಗೇ ಕಾಣಿಸುತ್ತಿತ್ತು, ಚಕ್ರವನ್ನೂ ಇಳಿಸಿದ್ದೆ, ಅಷ್ಟರಲ್ಲಿ ಫ್ಯಾನ್ ಜೋರಾಗಿ ಕೂಗಿ ಎಲ್ಲಾ ಕಪ್ಪು.

ಸಿಪಿಯು 97 ಡಿಗ್ರಿ ತೋರಿಸುತ್ತದೆ, ಗ್ರಾಫಿಕ್ಸ್ ಕಾರ್ಡ್ 72 ದಾಟುವುದಿಲ್ಲ. ಬೇರೆ ಗೇಮ್‌ಗಳಲ್ಲಿ ತೊಂದರೆ ಇಲ್ಲ. ಸಿಮ್ಯುಲೇಟರ್ ಸಿಪಿಯು ಮೇಲೇ ಜಾಸ್ತಿ ಭಾರ ಹಾಕುತ್ತದೆ ಅಲ್ವಾ. ವಿಂಡೋಸ್ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಅನ್ನುವ ನಮೂದು ಮಾತ್ರ ಇದೆ. ಸರಿಯಾಗಿ ಶಟ್‌ಡೌನ್ ಆಗಿಲ್ಲ ಅಂತ ಅದು ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ.

ಧೂಳು ತೆಗೆದೆ. ಸಿಪಿಯು ಬಿಸಿ ಹೊರಹಾಕುವ ಹೀಟ್‌ಸಿಂಕ್ ಪಟ್ಟಿಗಳ ನಡುವೆ ಹತ್ತಿಯ ಹಾಗೆ ಕೂತಿತ್ತು. ಫ್ರೇಮ್ ರೇಟನ್ನು (ಸೆಕೆಂಡಿಗೆ ತೋರಿಸುವ ಚಿತ್ರಗಳ ಸಂಖ್ಯೆ) 30ಕ್ಕೆ ಮಿತಿ ಮಾಡಿದೆ. ಕೇಸ್‌ನ ಪಕ್ಕದ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಇಟ್ಟರೆ 88ಕ್ಕೆ ಇಳಿಯುತ್ತದೆ, ಒಂದು ಗಂಟೆ ಓಡುತ್ತದೆ, ಆಮೇಲೆ ಮತ್ತೆ ಅದೇ ಕಥೆ.

ಸಿಪಿಯು ಮತ್ತು ಹೀಟ್‌ಸಿಂಕ್ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಹಾಕಿ 5 ವರ್ಷ ಆಯಿತು. ಅದನ್ನು ಬದಲಿಸಿದರೆ ಸಾಕಾ, ಇಲ್ಲ 450 ವಾಟ್ ಪವರ್ ಸಪ್ಲೈ ಮೇಲೂ ಅನುಮಾನ ಪಡಬೇಕಾ? ಮೊದಲು ಯಾವುದಕ್ಕೆ ದುಡ್ಡು ಹಾಕಲಿ? ಅನುಭವ ಇರುವವರು ದಯವಿಟ್ಟು ಹೇಳಿ. ಭಾನುವಾರ ನಮ್ಮೂರಿನ ರನ್‌ವೇ ಮೇಲೆ ಇಳಿಸಿ ತೋರಿಸುತ್ತೇನೆ ಅಂತ ಮಗಳಿಗೆ ಮಾತು ಕೊಟ್ಟಿದ್ದೇನೆ.